ವಿದ್ಯಾದಾನದಲ್ಲಿ ಶುದ್ಧಿ



ಶರನ್ನವರಾತ್ರದಲ್ಲಿ ಮೂಲಾನಕ್ಷತ್ರದಂದು ಗ್ರಂಥಗಳನ್ನು ಮಣೆಯ ಮೇಲಿರಿಸಿ ಶ್ರೀಸರಸ್ವತೀದೇವಿಯನ್ನು ಆವಾಹಿಸಿ, ಶ್ರವಣದಂದು ವಿಸರ್ಜಿಸುವ ಸಂಪ್ರದಾಯವು ನಮ್ಮ ಮನೆಗಳಲ್ಲಿ ನಡೆದುಬಂದಿದೆ. ಆ ಪೂಜೆಯೊಡನೆಯೇ ಬರುವ ವಿಜಯದಶಮಿಯು ಶ್ರೀಮದಾನಂದತೀರ್ಥ ಭಗವತ್ಪಾದಾಚಾರ್ಯರ ಜಯಂತಿಯೂ ಹೌದು. ಗ್ರಂಥಪೂಜೆಯೂ ಗ್ರಂಥಗಳನ್ನು ಲೋಕಕ್ಕೆ ಕರುಣಿಸಿದ ಮಹಾನುಭಾವರ ಜಯಂತಿಯೂ ಹೀಗೆ ಕೂಡಿಬರುವುದು ಅನುಸಂಧಾನಯೋಗ್ಯವಾದ ಸಂಗತಿ. ಪೂಜೆಗಿಟ್ಟ ಪುಸ್ತಕವನ್ನು ಆ ದಿನಗಳಲ್ಲಿ ನಾವು ಓದುವುದಿಲ್ಲ. ವಿಸರ್ಜನೆಯಾದ ಮೇಲೆ ಅದನ್ನು ಬಿಚ್ಚಿ ಓದತಕ್ಕದ್ದು. ಆದರೆ ಎಷ್ಟೋ ಮನೆಗಳಲ್ಲಿ ಪುಸ್ತಕವು ಮಣೆಯಿಂದ ನೇರವಾಗಿ ಬೀರುವನ್ನು ಸೇರಿ, ಮುಂದಿನ ವರ್ಷದ ಮೂಲಾನಕ್ಷತ್ರದವರೆಗೆ ಅಲ್ಲಿಯೇ ಉಳಿಯುತ್ತದೆ. ಅರಿಶಿನ ಕುಂಕುಮಗಳ ಗುರುತು ಹೊದಿಕೆಯ ಮೇಲೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ; ಒಳಗಿನ ಪುಟ ಹೊಸದಾಗಿಯೇ ಇರುತ್ತದೆ.

ವಿದ್ಯೆಯನ್ನು ಪಡೆದವನಿಗೆ ಅದನ್ನು ಮತ್ತೊಬ್ಬರಿಗೆ ತಲುಪಿಸುವ ಋಣವಿದೆ. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಶಿಷ್ಯನನ್ನು ಮನೆಗೆ ಕಳುಹಿಸಿಕೊಡುವ ಗುರುವು, ಸತ್ಯಧರ್ಮಗಳೊಡನೆ ಅಧ್ಯಯನ ಪ್ರವಚನಗಳೆರಡರಲ್ಲಿಯೂ ಎಚ್ಚರ ತಪ್ಪಬಾರದೆಂದು ಬೋಧಿಸುತ್ತಾನೆ. ಕೇವಲ ಅಧ್ಯಯನವನ್ನು ಹೇಳಿ ನಿಲ್ಲಿಸಲಿಲ್ಲವೆಂಬುದನ್ನು ಗಮನಿಸಬೇಕು. ಗೀತೆಯ ಕೊನೆಯ ಅಧ್ಯಾಯದಲ್ಲಿ ಶ್ರೀಕೃಷ್ಣಪರಮಾತ್ಮನೂ, ಈ ಶಾಸ್ತ್ರವನ್ನು ಭಕ್ತರಿಗೆ ತಿಳಿಸಿಕೊಡುವವನೇ ಮನುಷ್ಯರಲ್ಲಿ ತನಗೆ ಅತ್ಯಂತ ಪ್ರಿಯನೆಂದು ಅಪ್ಪಣೆ ಕೊಡಿಸಿದ್ದಾನೆ.

ಶ್ರೀಮದಾಚಾರ್ಯರ ಚರಿತ್ರೆಯಲ್ಲಿಯೇ ಇದಕ್ಕೆ ಸಂಬಂಧಿಸಿದ ಒಂದು ಪ್ರಸಂಗವಿದೆ. ವಾದದಲ್ಲಿ ಎದುರು ನಿಲ್ಲಲಾರದ ಪ್ರತಿಪಕ್ಷದವರು ಆಚಾರ್ಯರ ಗ್ರಂಥಭಂಡಾರವನ್ನೇ ಅಪಹರಿಸಿದರು. ಕೊನೆಗೆ ಜಯಸಿಂಹರಾಜನ ಮೂಲಕ ಆ ಗ್ರಂಥಗಳು ಮರಳಿ ದೊರೆತವು. ಇದನ್ನು ಶ್ರೀನಾರಾಯಣಪಂಡಿತಾಚಾರ್ಯರು ಸುಮಧ್ವವಿಜಯದಲ್ಲಿ ವರ್ಣಿಸಿದ್ದಾರೆ. ಆ ಸಮಯದಲ್ಲಿಯೇ ಆಚಾರ್ಯರನ್ನು ಕಂಡ ತ್ರಿವಿಕ್ರಮಪಂಡಿತರು, ಬಹುದಿನ ವಾದಮಾಡಿ ಶಿಷ್ಯರಾಗಿ, ತತ್ತ್ವಪ್ರದೀಪವೆಂಬ ಟೀಕೆಯನ್ನು ರಚಿಸಿದರು. ಅವರ ಪ್ರಾರ್ಥನೆಯಿಂದಲೇ ಅನುವ್ಯಾಖ್ಯಾನವು ನಮಗೆ ಲಭಿಸಿತು. ಗ್ರಂಥವನ್ನು ಕದ್ದವನು ಕಾಣುವ ಒಬ್ಬ ಒಡೆಯನ ಸ್ವತ್ತನ್ನಷ್ಟೇ ಕದ್ದವನಲ್ಲ. ಮುಂದೆ ಬರಲಿರುವ ಅಸಂಖ್ಯ ಶಿಷ್ಯರ ಸ್ವತ್ತನ್ನೂ ಕದ್ದವನು. ಹಾಗಾದರೆ ಹಿರಿಯರು ಬಿಟ್ಟುಹೋದ ಓಲೆಗರಿಯ ಕಟ್ಟನ್ನು ಅಟ್ಟದ ಮೇಲಿಟ್ಟು, ಕೇಳಬಂದ ವಿದ್ವಾಂಸರಿಗೂ ತೋರಿಸದೆ, ಗೆದ್ದಲಿಗೆ ಒಪ್ಪಿಸುವ ನಮ್ಮನ್ನು ಏನೆನ್ನಬೇಕು? ಉದ್ದೇಶ ಬೇರೆಯಿದ್ದರೂ ಫಲ ಒಂದೇ.

ಹರಿದಾಸರು ಈ ಋಣವನ್ನು ತೀರಿಸಿದ ಬಗೆಯನ್ನು ನಾವೆಲ್ಲರೂ ಬಲ್ಲೆವು. ಸಂಸ್ಕೃತದಲ್ಲಿದ್ದ ತತ್ತ್ವವನ್ನು ಅವರು ಕನ್ನಡದ ಪದ ಸುಳಾದಿಗಳಲ್ಲಿ ತುಂಬಿ ಬೀದಿಬೀದಿಗೆ ಒಯ್ದರು. ಶ್ರೀಜಗನ್ನಾಥದಾಸರು ಹರಿಕಥಾಮೃತಸಾರವನ್ನು ಕನ್ನಡದ ಷಟ್ಪದಿಯಲ್ಲಿಯೇ ರಚಿಸಿದರು. ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರಿಗೂ ತಾರತಮ್ಯ, ಪಂಚಭೇದಗಳು ಬಾಯಿಪಾಠವಾದುದು ಇಂಥವರ ಕೃಪೆಯಿಂದ.

ಇಷ್ಟನ್ನು ಕೇಳಿದವರು, "ಇಂದು ಹಂಚುವುದಕ್ಕೇನು ಕೊರತೆ? ಬೆಳಗಾದರೆ ಮೊಬೈಲಿನಲ್ಲಿ ಶ್ಲೋಕ, ಪಂಚಾಂಗ, ಪ್ರವಚನಗಳ ಪ್ರವಾಹವೇ ಹರಿಯುತ್ತಿದೆಯಲ್ಲ" ಎಂದು ಶಂಕಿಸಬಹುದು. ನಿಜ. ಉಡುಪಿಯಲ್ಲಿ ನುಡಿದ ಮಾತು ಅದೇ ನಿಮಿಷದಲ್ಲಿ ಅಮೆರಿಕದಲ್ಲಿರುವ ನಮ್ಮ ಮಕ್ಕಳನ್ನು ಮುಟ್ಟುತ್ತದೆ. ಆದರೆ ದಾನಕ್ಕೆ ದ್ರವ್ಯಶುದ್ಧಿಯೂ ಬೇಕಷ್ಟೆ. ಹುಳಿತ ಅನ್ನವನ್ನು ಸಾವಿರ ಎಲೆಗೆ ಬಡಿಸಿದರೆ ಅದು ಸಂತರ್ಪಣೆಯಾಗುವುದಿಲ್ಲ.

ಶ್ರೀಮದಾಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದ 2ನೆಯ ಅಧ್ಯಾಯದಲ್ಲಿ, ಗ್ರಂಥಗಳು ಕೈಯಿಂದ ಕೈಗೆ ಬರುವಾಗ ಹೇಗೆ ಕೆಡುತ್ತವೆಂಬುದನ್ನು ನಿರೂಪಿಸಿದ್ದಾರೆ. ಕೆಲವೆಡೆ ಇಲ್ಲದುದನ್ನು ಸೇರಿಸುತ್ತಾರೆ; ಕೆಲವೆಡೆ ಇದ್ದುದನ್ನು ಬಿಡುತ್ತಾರೆ; ಕೆಲವೆಡೆ ಸ್ಥಾನಪಲ್ಲಟ ಮಾಡುತ್ತಾರೆ; ಕೆಲವೆಡೆ ಅಜಾಗರೂಕತೆಯಿಂದ ಬೇರೊಂದಾಗಿಸುತ್ತಾರೆ. ಪ್ರಕ್ಷೇಪ, ಲೋಪ, ವ್ಯತ್ಯಾಸ, ಪ್ರಮಾದ ಎಂಬ ಈ ನಾಲ್ಕು ದೋಷಗಳು ಲಿಪಿಕಾರರಿಗೆ ಮಾತ್ರ ಅನ್ವಯಿಸುತ್ತವೆಂದು ನಾವು ಬಹುಕಾಲ ಭಾವಿಸಿದ್ದೆವು. ಅವು ನಮಗೂ ಅನ್ವಯಿಸುತ್ತವೆಂದು ತಿಳಿದದ್ದು ನಮ್ಮದೇ ಒಂದು ತಪ್ಪಿನಿಂದ. ಪರರಿಗೆ ಉಪದೇಶಿಸುವ ಮೊದಲು ಅದನ್ನು ಹೇಳಿಕೊಳ್ಳುವುದು ಧರ್ಮ.

ಕೆಲವು ವರ್ಷಗಳ ಹಿಂದೆ ಒಂದು ದಶಮಿಯ ರಾತ್ರಿ ಏಕಾದಶೀವ್ರತದ ವಿಷಯವಾಗಿ ಒಂದು ಬರಹ ನಮ್ಮ ಕೈಸೇರಿತು. ಹನಿ ನೀರು ಕುಡಿದರೂ, ಒಂದು ಗುಳಿಗೆ ನುಂಗಿದರೂ ವ್ರತವು ಭಂಗವಾಗುವುದೆಂದು ಅದರಲ್ಲಿತ್ತು. ವ್ರತದ ಮಹಿಮೆಯನ್ನು ಚೆನ್ನಾಗಿ ಹೇಳಿದೆಯೆಂದು ಸಂತೋಷಪಟ್ಟು, ಪೂರ್ತಿ ಓದದೆಯೇ ಅದನ್ನು ಬಂಧುಗಳೆಲ್ಲರಿಗೆ ಕಳುಹಿಸಿದೆವು. ನಮ್ಮ ಸೋದರತ್ತೆಯವರಿಗೆ ಆಗ 78 ವರ್ಷ. ರಕ್ತದೊತ್ತಡಕ್ಕಾಗಿ ನಿತ್ಯವೂ ಔಷಧವನ್ನು ಸೇವಿಸುತ್ತಿದ್ದವರು ಅಂದು ಅದನ್ನೂ ಬಿಟ್ಟರು, ನೀರನ್ನೂ ಬಿಟ್ಟರು. ದ್ವಾದಶಿಯ ಬೆಳಿಗ್ಗೆ ಪಾರಣೆಗೆ ಎಲೆ ಹಾಕುವ ಹೊತ್ತಿಗೆ ತಲೆ ಸುತ್ತಿ ಬಿದ್ದರು. ಶ್ರೀಹರಿವಾಯುಗಳ ದಯೆಯಿಂದ ನಾಲ್ಕು ದಿನಗಳಲ್ಲಿ ಚೇತರಿಸಿಕೊಂಡರು. ನಾವು ನೋಡಲು ಹೋದಾಗ ಅವರು ಒಂದೇ ಮಾತು ಹೇಳಿದರು: "ನೀನೇ ಕಳಿಸಿದ್ದೆಯಲ್ಲಪ್ಪ, ಶಾಸ್ತ್ರ ಓದಿದವನು. ತಪ್ಪಿರೋದಿಲ್ಲ ಅಂದುಕೊಂಡೆ." ಆ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ, ನಂಬಿಕೆಯಿತ್ತು. ಆದುದರಿಂದಲೇ ಅದು ನಮ್ಮನ್ನು ಹೆಚ್ಚು ಸುಟ್ಟಿತು.

ಮನೆಗೆ ಬಂದು ಗ್ರಂಥವನ್ನು ತೆಗೆದು ನೋಡಿದೆವು. ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುರನು, ವ್ರತವನ್ನು ಕೆಡಿಸದ ಎಂಟು ವಸ್ತುಗಳನ್ನು ಎಣಿಸುವಾಗ ನೀರನ್ನೂ ಔಷಧವನ್ನೂ ಸೇರಿಸಿದ್ದಾನೆ. ಶಕ್ತರಾದವರಿಗೆ ನಿರ್ಜಲವಾದ ಉಪವಾಸವೇ ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಶಕ್ತರಿಗೆ ಶಾಸ್ತ್ರವು ಕರುಣೆಯಿಂದ ತೆರೆದಿಟ್ಟ ಬಾಗಿಲನ್ನು ಆ ಬರಹ ಮುಚ್ಚಿಬಿಟ್ಟಿತ್ತು. ಇದು ಲೋಪವೆಂಬ ದೋಷ. ಬರೆದವನು ಯಾರೋ ತಿಳಿಯದು. ಅತ್ತೆಯವರಿಗೆ ಮುಟ್ಟಿಸಿದವರು ನಾವು.

ಉಳಿದ ದೋಷಗಳೂ ನಿತ್ಯವೂ ಕಾಣುವಂಥವೇ. ಯಾರೋ ರಚಿಸಿದ ಪದಕ್ಕೆ ಪುರಂದರವಿಠಲನ ಅಂಕಿತವನ್ನು ಅಂಟಿಸುವುದು, ತಮಗೆ ತೋರಿದ ಮಾತನ್ನು ಆಚಾರ್ಯರ ಹೆಸರಿನಲ್ಲಿ ಹರಡುವುದು ಪ್ರಕ್ಷೇಪ. ಅಂಕಿತವೆಂಬುದು ಗುರುಗಳಿಂದ ಪಡೆಯತಕ್ಕದ್ದು; ಅದನ್ನು ಕದ್ದು ಭಕ್ತಿಯನ್ನು ಬೆಳೆಸಲಾಗದು. ಬೆಂಗಳೂರಿಗೆ ಗಣಿಸಿದ ಏಕಾದಶಿಯ ದಿನವನ್ನು ಅಮೆರಿಕದ ಬಂಧುಗಳಿಗೆ ಹಾಗೆಯೇ ಕಳುಹಿಸುವುದು ವ್ಯತ್ಯಾಸ. ತಿಥಿಯು ಮುಗಿಯುವ ಕ್ಷಣ ಲೋಕಕ್ಕೆಲ್ಲ ಒಂದೇ. ಆದರೆ ಅರುಣೋದಯವು ಊರೂರಿಗೆ ಬೇರೆ. ಸೂರ್ಯೋದಯಕ್ಕೆ ಮುಂಚಿನ 4 ಘಳಿಗೆಗಳಲ್ಲಿ, ಎಂದರೆ 96 ನಿಮಿಷಗಳಲ್ಲಿ, ದಶಮಿಯ ವೇಧೆಯಿದೆಯೆ ಎಂದು ನೋಡುವ ನಮಗೆ, ಇಲ್ಲಿ ವಿದ್ಧವಾದುದು ಅಲ್ಲಿ ಶುದ್ಧವಾಗಿರಬಹುದು, ಇಲ್ಲಿ ಶುದ್ಧವಾದುದು ಅಲ್ಲಿ ವಿದ್ಧವಾಗಿರಬಹುದು. ಇನ್ನು ಓದದೆ ಕಳುಹಿಸುವುದು ಪ್ರಮಾದ. ಉಳಿದ ಮೂರೂ ದೋಷಗಳು ಹರಡುವುದು ಇದರ ಹೆಗಲೇರಿಯೇ.

ಇದಕ್ಕೆ ಪ್ರತಿಯಾಗಿ ಶುದ್ಧಿಯ ಆದರ್ಶವೊಂದು ನಮ್ಮಲ್ಲಿಯೇ ಇದೆ. ಪಲಿಮಾರು ಮಠದ ಮೂಲಯತಿಗಳೂ ಆಚಾರ್ಯರ ಸಾಕ್ಷಾತ್ ಶಿಷ್ಯರೂ ಆದ ಶ್ರೀಹೃಷೀಕೇಶತೀರ್ಥರು ಸರ್ವಮೂಲಗ್ರಂಥಗಳನ್ನು ಓಲೆಗರಿಯ ಮೇಲೆ ಬರೆದಿಟ್ಟರೆಂದು ಪರಂಪರೆಯು ಆದರಿಸುತ್ತದೆ. ತಮ್ಮದೊಂದನ್ನೂ ಸೇರಿಸದೆ, ಗುರುಮುಖದಿಂದ ಬಂದುದನ್ನು ಹಾಗೆಯೇ ಉಳಿಸಿದುದೇ ಅವರ ಸೇವೆ. ಶತಮಾನಗಳ ಮೇಲೆ ಕೀರ್ತಿಶೇಷ ಬನ್ನಂಜೆ ಗೋವಿಂದಾಚಾರ್ಯರು ಆ ಓಲೆಯ ಪಾಠವನ್ನು ಆಧರಿಸಿ ಸರ್ವಮೂಲವನ್ನು ಸಂಪಾದಿಸಿಕೊಟ್ಟರು. 2006ರಲ್ಲಿ ಅಮೆರಿಕದ ರೋಚೆಸ್ಟರ್ ತಾಂತ್ರಿಕ ವಿದ್ಯಾಸಂಸ್ಥೆಯ ವಿಜ್ಞಾನಿಗಳು ಆ ಜೀರ್ಣವಾದ ಗರಿಗಳ ಛಾಯಾಚಿತ್ರಗಳನ್ನು ತೆಗೆದು, ಮಸುಕಾದ ಅಕ್ಷರಗಳು ಮತ್ತೆ ಕಾಣುವಂತೆ ಮಾಡಿದರು. ಲೋಕವನ್ನು ಬೆಸೆದಿರುವ ಈ ಯಂತ್ರಗಳು ಸ್ವತಃ ದುಷ್ಟವಲ್ಲವೆಂಬುದಕ್ಕೆ ಇದೇ ನಿದರ್ಶನ. ಸಮುದ್ರದಾಚೆಯ ಯಂತ್ರವೂ ಅಕ್ಷರವನ್ನು ಇದ್ದಂತೆಯೇ ಉಳಿಸುವ ಕಾರ್ಯಕ್ಕೆ ಒದಗಿತು.

"ಇಷ್ಟು ಭಯವಿದ್ದರೆ ಏನನ್ನೂ ಹೇಳದೆ ಮೌನವಾಗಿರುವುದೇ ಲೇಸು" ಎಂದರೆ ಅದೂ ಸರಿಯಲ್ಲ. ತಿಳಿದವನು ಸುಮ್ಮನಿದ್ದರೆ ತಿಳಿಯದವನ ಮಾತೇ ಊರೆಲ್ಲ ತುಂಬುತ್ತದೆ. ಗೀತೆಯ 17ನೆಯ ಅಧ್ಯಾಯದಲ್ಲಿ ಭಗವಂತನು ವಾಕ್ಕಿನ ತಪಸ್ಸನ್ನು ಹೇಳಿದ್ದಾನೆ. ಮಾತು ಪರರಿಗೆ ಉದ್ವೇಗವನ್ನುಂಟುಮಾಡಬಾರದು. ಸತ್ಯವೂ ಪ್ರಿಯವೂ ಹಿತವೂ ಆಗಿರಬೇಕು. ಜೊತೆಗೆ ಸ್ವಾಧ್ಯಾಯದ ಅಭ್ಯಾಸವಿರಬೇಕು. ಇದನ್ನು ತಪಸ್ಸೆಂದು ಕರೆದಿರುವುದರಿಂದಲೇ ಇದು ಸುಲಭವಲ್ಲವೆಂದು ತಿಳಿಯುತ್ತದೆ. ಆದಕಾರಣ ಏನನ್ನಾದರೂ ಹಂಚುವ ಮುನ್ನ, ಇದನ್ನು ಪೂರ್ತಿ ಓದಿದ್ದೇವೆಯೆ, ಯಾವ ಗ್ರಂಥದ ಅಥವಾ ಯಾವ ಗುರುಗಳ ಮಾತೆಂದು ಬಲ್ಲೆವೆ, ಪಡೆಯುವವರ ವಯಸ್ಸು, ದೇಶ, ಆರೋಗ್ಯಗಳಿಗೆ ಇದು ಹಿತವೆ ಎಂದು ಕೇಳಿಕೊಳ್ಳೋಣ. ತಿಳಿಯದಿದ್ದರೆ ಮಠದ ಪಂಡಿತರನ್ನು ಕೇಳೋಣ. ಗುರುಮುಖದಿಂದಲೇ ಪಡೆಯತಕ್ಕ ಮಂತ್ರಗಳನ್ನು ಹಂಚದಿರೋಣ. ಪರರ ಮನೆಯ ಗುಟ್ಟು ವಿದ್ಯೆಯಲ್ಲ. ಅದನ್ನು ಹಂಚುವುದು ದಾನವೂ ಅಲ್ಲ.

ಇಷ್ಟಾದರೂ ತಪ್ಪು ನಡೆದರೆ? ತಪ್ಪನ್ನು ಎಷ್ಟು ಮಂದಿಗೆ ಮುಟ್ಟಿಸಿದ್ದೇವೆಯೋ ಅಷ್ಟೂ ಮಂದಿಗೆ ತಿದ್ದುಪಡಿಯನ್ನೂ ಮುಟ್ಟಿಸತಕ್ಕದ್ದು. ನಾವು ಅಂದು ಬಂಧುಗಳೆಲ್ಲರಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿ, "ನಾವು ಕಳುಹಿಸಿದ್ದು ತಪ್ಪು, ಔಷಧ ಬಿಡಬೇಡಿ" ಎಂದು ಹೇಳಿದೆವು. ತಪ್ಪನ್ನು ಕಳುಹಿಸಲು ಒಂದು ಕ್ಷಣ ಸಾಕಾಗಿತ್ತು. ತಿದ್ದಲು ಎರಡು ದಿನ ಹಿಡಿಯಿತು. ನಾಚಿಕೆಯಾಯಿತು, ಆದರೆ ಆ ನಾಚಿಕೆಯೇ ಪ್ರಾಯಶ್ಚಿತ್ತದ ಭಾಗವಾಗಿತ್ತು. ಇನ್ನಿಬ್ಬರು ವೃದ್ಧರು ತಾವೂ ಮುಂದಿನ ಏಕಾದಶಿಗೆ ಔಷಧ ಬಿಡಲು ನಿಶ್ಚಯಿಸಿದ್ದುದಾಗಿ ಆಗ ತಿಳಿಸಿದರು.

ಈ ವಿಜಯದಶಮಿಯಂದು ಪೂಜೆಗಿಟ್ಟ ಗ್ರಂಥವನ್ನು ಬೀರುವಿಗೆ ಸೇರಿಸುವ ಮುನ್ನ ಬಿಚ್ಚೋಣ. ಹಿರಿಯರು ಒಂದು ಶ್ಲೋಕವನ್ನೋ ಒಂದು ದೇವರನಾಮವನ್ನೋ ಅರ್ಥಸಹಿತ ಮಕ್ಕಳಿಗೆ ಹೇಳಿಕೊಡಲಿ. ಮಕ್ಕಳು ಅದನ್ನು ಮರಳಿ ಒಪ್ಪಿಸಲಿ. ಅಕ್ಷರ ತಪ್ಪಿದರೆ ಅಲ್ಲಿಯೇ ತಿದ್ದಲಿ. ದೂರದೇಶದಲ್ಲಿರುವ ಮೊಮ್ಮಕ್ಕಳಿಗೆ ಅದನ್ನು ಫೋನಿನಲ್ಲಿಯೇ ಹೇಳಿಕೊಟ್ಟರೂ ಬಾಧಕವಿಲ್ಲ. ನಾವು ನೀಡಿದುದನ್ನು ನಂಬಿ ನಡೆಯುವವರು ಎಲ್ಲಿಯೋ ಒಬ್ಬರಿದ್ದಾರೆಂಬ ಎಚ್ಚರವೊಂದು ಮನಸ್ಸಿನಲ್ಲಿದ್ದರೆ ಸಾಕು. ಅಂಥ ಜ್ಞಾನದಾನವು ಮುಖ್ಯಪ್ರಾಣಾಂತರ್ಗತನಾದ ಶ್ರೀಲಕ್ಷ್ಮೀನಾರಾಯಣನಿಗೆ ಪ್ರೀತಿಕರವಾಗಲಿ ಎಂದು ಪ್ರಾರ್ಥಿಸಿ ವಿರಮಿಸುತ್ತೇವೆ.

ಶ್ರೀಕೃಷ್ಣಾರ್ಪಣಮಸ್ತು.