ಲಿಸ್ಟನ ಎರಡು ತ್ಯಾಗಗಳು

ಲೋಕದ ಕೀರ್ತಿಯನ್ನು ಆಕಂಠವಾಗಿ ಅನುಭವಿಸಿದವನೊಬ್ಬನು ಒಂದು ದಿನ ವಿರಕ್ತನ ವೇಷದಲ್ಲಿ ಕಾಣಿಸಿಕೊಂಡನೆಂದರೆ, ಆ ವಿರಕ್ತಿಯು ತೃಪ್ತಿಯಿಂದ ಹುಟ್ಟಿದುದೋ, ಭಗ್ನವಾದ ಆಶೆಗೆ ಹೊದಿಸಿದ ಮುಸುಕೋ, ಅಥವಾ ಕೀರ್ತಿಯೇ ತೊಟ್ಟ ಮತ್ತೊಂದು ಉಡುಪೋ ಎಂದು ಜನರು ಶಂಕಿಸುವುದು ಸಹಜವೇ ಸರಿ. 1865ರ ಏಪ್ರಿಲಿನಲ್ಲಿ ಪಿಯಾನೊವಾದಕ ಫ್ರಾಂಜ್ ಲಿಸ್ಟನು ರೋಮಿನಲ್ಲಿ ಮುಂಡನಸಂಸ್ಕಾರವನ್ನು ಪಡೆದು, ಅದೇ ವರ್ಷದ ಜುಲೈಯಲ್ಲಿ ದ್ವಾರಪಾಲಕ, ವಾಚಕ, ಭೂತೋಚ್ಚಾಟಕ, ಪೀಠಸೇವಕ ಎಂಬ ನಾಲ್ಕು ಕಿರಿಯ ದೀಕ್ಷೆಗಳನ್ನು ಸ್ವೀಕರಿಸಿ, ಕಪ್ಪು ನಿಲುವಂಗಿಯಲ್ಲಿ ‘ಅಬೆ ಲಿಸ್ಟ್’ ಆಗಿ ಹೊರಬಂದಾಗ ಯೂರೋಪಿನಲ್ಲಿ ನಕ್ಕವರೇ ಹೆಚ್ಚು. ಬಲಿಪೂಜೆಯನ್ನು ಅರ್ಪಿಸುವ ಅಧಿಕಾರವಾಗಲಿ, ಪಾಪನಿವೇದನೆಯನ್ನು ಕೇಳುವ ಅಧಿಕಾರವಾಗಲಿ ಆ ದೀಕ್ಷೆಗಳಿಂದ ಬರತಕ್ಕದ್ದಲ್ಲ. ಬ್ರಹ್ಮಚರ್ಯದ ವ್ರತವೂ ಅವುಗಳಲ್ಲಿ ಅಡಕವಾಗಿರಲಿಲ್ಲ. ಹಾಗಾದರೆ ಈತನು ಬಿಟ್ಟುದಾದರೂ ಏನನ್ನು?

ಇದನ್ನು ಶ್ಮಶಾನವೈರಾಗ್ಯವೆಂದು ತಳ್ಳಿಹಾಕುವವರ ಕೈಯಲ್ಲಿ ಪ್ರಮಾಣಗಳಿಲ್ಲದೆ ಇಲ್ಲ. 1859ರಲ್ಲಿ ಮಗ ಡೇನಿಯಲ್ ತೀರಿಕೊಂಡನು. 1862ರಲ್ಲಿ ಹಿರಿಯ ಮಗಳು ಬ್ಲಾಂದಿನ್ ತೀರಿಕೊಂಡಳು. ಇವೆರಡರ ನಡುವೆ, 1861ರಲ್ಲಿ, ಐವತ್ತನೆಯ ಹುಟ್ಟುಹಬ್ಬದಂದೇ ರೋಮಿನಲ್ಲಿ ನಡೆಯಬೇಕಾಗಿದ್ದ ರಾಜಕುಮಾರಿ ಕ್ಯಾರೊಲೀನಳೊಡನೆಯ ವಿವಾಹವು, ಅವಳ ಮೊದಲ ಮದುವೆಯ ತೊಡಕಿನಿಂದಾಗಿ, ಹಿಂದಿನ ದಿನ ಮುರಿದುಬಿತ್ತು. ಆದರೆ ಅವಳ ಪತಿಯು 1864ರಲ್ಲಿ ಮೃತನಾಗಿ ಆ ತೊಡಕು ತಾನಾಗಿಯೇ ಬಿಚ್ಚಿಕೊಂಡ ಮೇಲೂ ಇವರಿಬ್ಬರು ಮದುವೆಯಾಗಲಿಲ್ಲವೆಂಬುದನ್ನೂ, ಮರುವರ್ಷವೇ ಲಿಸ್ಟನು ದೀಕ್ಷೆಯನ್ನು ಅರಸಿ ಹೋದನೆಂಬುದನ್ನೂ ಈ ಆಕ್ಷೇಪಕರು ಏಕೋ ಎಣಿಕೆಗೆ ತಂದುಕೊಳ್ಳುವುದಿಲ್ಲ. ಆಶಾಭಂಗವೊಂದೇ ಕಾರಣವಾಗಿದ್ದ ಪಕ್ಷದಲ್ಲಿ, ಕಾರಣವು ತೊಲಗಿದೊಡನೆ ಕಾರ್ಯವೂ ತೊಲಗಬೇಕಾಗಿತ್ತಲ್ಲವೆ? ಅದಲ್ಲದೆ ಈ ಹಂಬಲವು ಹೊಸದೂ ಅಲ್ಲ. ಯೌವನದಲ್ಲಿ ಫ್ರಾನ್ಸಿಸ್ಕನ್ ಮಠದ ಉಮೇದುವಾರನಾಗಿದ್ದು ಹೊರಬಂದ ತಂದೆ ಆದಾಮನು 1827ರಲ್ಲಿ ಗತಿಸಿದ ಮೇಲೆ, ಪ್ಯಾರಿಸಿನಲ್ಲಿ ಪಾಠ ಹೇಳಿ ತಾಯಿಯನ್ನು ಸಲಹುತ್ತಿದ್ದ ಹುಡುಗನು ತಾನೂ ಪಾದ್ರಿಯಾಗಬೇಕೆಂದು ಹಟ ಹಿಡಿದಿದ್ದನು. ಅವನನ್ನು ಆ ದಾರಿಯಿಂದ ತಿರುಗಿಸಿದವಳು ತಾಯಿಯೇ.

ನನ್ನ ಮಟ್ಟಿಗೆ ಹೇಳುವುದಾದರೆ, 1865ರ ದೀಕ್ಷೆಯು ಲಿಸ್ಟನ ಎರಡನೆಯ ತ್ಯಾಗ, ಮತ್ತು ಎರಡರಲ್ಲಿ ಚಿಕ್ಕದು. ದೊಡ್ಡದು ಹದಿನೆಂಟು ವರ್ಷಗಳ ಹಿಂದೆ, ಯಾವ ನಿಲುವಂಗಿಯೂ ಇಲ್ಲದೆ, ಯಾವ ಮಂತ್ರೋಚ್ಚಾರಣೆಯೂ ಇಲ್ಲದೆ ನಡೆದುಹೋಗಿತ್ತು. 1839ರಿಂದ 1847ರ ವರೆಗೆ ಲಿಸ್ಬನ್ನಿನಿಂದ ಕಾನ್‌ಸ್ಟಾಂಟಿನೋಪಲಿನ ವರೆಗೂ ಅವನು ಪಿಯಾನೊ ನುಡಿಸದ ಮಹಾನಗರ ವಿರಳ. ಇತರ ವಾದ್ಯಗಾರರ ನೆರವಿಲ್ಲದೆ ಒಬ್ಬನೇ ಒಂದು ಸಂಜೆಯನ್ನೆಲ್ಲ ತುಂಬುವ ಕಚೇರಿಯ ಪದ್ಧತಿ ನೆಲೆಗೊಂಡದ್ದೇ ಅವನಿಂದ. ಶ್ರೋತೃಗಳ ಉನ್ಮಾದವನ್ನು ಕಂಡ ಕವಿ ಹೈನೆಯು ಅದಕ್ಕೆ ರೋಗದ ಹೆಸರನ್ನೇ ಇಟ್ಟುಬಿಟ್ಟನು. ಇಂಥ ದಿಗ್ವಿಜಯದ ನಡುವೆ, 1847ರ ಸೆಪ್ಟೆಂಬರಿನಲ್ಲಿ, ರಷ್ಯಾ ಸಾಮ್ರಾಜ್ಯದ ಎಲಿಸಾವೆಟ್‌ಗ್ರಾಡ್ ಎಂಬ ಊರಿನಲ್ಲಿ ನುಡಿಸಿ, ಮೂವತ್ತೈದನೆಯ ವಯಸ್ಸಿನಲ್ಲಿ, ಕೈಬೆರಳುಗಳ ಶಕ್ತಿಯು ಕಿಂಚಿತ್ತೂ ಕುಂದದಿರುವಾಗಲೇ, ಅವನು ಆ ವೃತ್ತಿಯನ್ನು ಬಿಟ್ಟನು. ಮುಂದೆ ಮೂವತ್ತೊಂಬತ್ತು ವರ್ಷ ಬದುಕಿದ್ದರೂ ತನ್ನ ಸಂಪಾದನೆಗೆಂದು ಸಭೆಯಲ್ಲಿ ನುಡಿಸಲಿಲ್ಲ. ನುಡಿಸಿದಾಗಲೆಲ್ಲ ಧರ್ಮಾರ್ಥವಾಗಿ ನುಡಿಸಿದನು. ಕರ್ಮವನ್ನು ಬಿಡದೆ ಅದರ ಫಲವನ್ನು ಬಿಡುವ ಮಾರ್ಗ ಗೀತೆಯನ್ನೋದಿದವರಿಗೆ ಅಪರಿಚಿತವಲ್ಲ. ಗೀತೆಯ ಸೋಂಕಿಲ್ಲದೆಯೇ ಅದನ್ನು ಹಿಡಿದವನು ಇವನು.

ಇದು ಶುದ್ಧ ಆಧ್ಯಾತ್ಮಿಕವಾದ ತ್ಯಾಗವೆಂದು ನಾನು ಸಾಧಿಸಹೊರಟಿಲ್ಲ. ಸ್ವರರಚನೆಗೆ ಬಿಡುವು ಬೇಕಾಗಿತ್ತು, ವೈಮಾರಿನಲ್ಲಿ ಆಸ್ಥಾನದ ಆಶ್ರಯ ಕಾದಿತ್ತು, ಕ್ಯಾರೊಲೀನಳ ಸ್ನೇಹವೂ ಆಗತಾನೆ ಕುದುರಿತ್ತು. ನಿಲುವಂಗಿಯನ್ನು ತೊಟ್ಟ ಮೇಲೂ ಚುಟ್ಟಾ ಬಿಡಲಿಲ್ಲ, ಕೊನ್ಯಾಕ್ ಬಿಡಲಿಲ್ಲ. ಮೆಫಿಸ್ಟೊಫೆಲಿಸನ ಹೆಸರಿನ ನೃತ್ಯಗತಿಗಳನ್ನೂ ಸಂತ ಫ್ರಾನ್ಸಿಸನ ಕಥೆಗಳನ್ನೂ ಒಂದೇ ಲೇಖನಿ ಬರೆಯಿತು. ಆದರೆ ಪೂರ್ಣಶುದ್ಧಿಯನ್ನು ನಿಬಂಧನೆಯಾಗಿ ಇಟ್ಟರೆ ತ್ಯಾಗಿಯೆನ್ನಿಸಿಕೊಳ್ಳಲು ಜಗತ್ತಿನಲ್ಲಿ ಒಬ್ಬನಾದರೂ ಉಳಿದಾನೆ? ಒಬ್ಬನ ತ್ಯಾಗವನ್ನು ಅವನು ಉಳಿಸಿಕೊಂಡ ಸಣ್ಣ ಸುಖಗಳಿಂದ ಅಳೆಯುವುದಕ್ಕಿಂತ, ಅವನಿಗೆ ಅತ್ಯಂತ ಸುಲಭವಾಗಿ ಒದಗುತ್ತಿದ್ದ ವಸ್ತು ಯಾವುದಿತ್ತೋ ಅದನ್ನು ಬಿಟ್ಟನೇ ಎಂದು ಕೇಳುವುದು ನ್ಯಾಯ. ಲಿಸ್ಟನಿಗೆ ಹಾಗೆ ಒದಗುತ್ತಿದ್ದುದು ಚಪ್ಪಾಳೆ.

ಆ ಚಪ್ಪಾಳೆಯ ಆಶೆ ಕೊನೆಗೆ ಅವನ ಸಂಗೀತದಿಂದಲೇ ಇಳಿದುಹೋಯಿತು. ರೋಮ್, ವೈಮಾರ್, ಬುಡಾಪೆಸ್ಟ್ ಎಂದು ಮೂರು ಊರುಗಳ ನಡುವೆ ಅಲೆಯುತ್ತ, ಶಿಷ್ಯರಿಂದ ಶುಲ್ಕ ಮುಟ್ಟದೆ ಪಾಠ ಹೇಳುತ್ತಿದ್ದ ಆ ಮುದುಕನು ಬರೆದ ಕೃತಿಗಳಲ್ಲಿ ಹಳೆಯ ಬೆರಳೋಟದ ಆಡಂಬರವಿಲ್ಲ. ಸ್ವರಗಳು ವಿರಳ, ಮೌನ ದೀರ್ಘ, ಕೆಲವು ಕಡೆ ಆಧಾರಸ್ವರವೇ ಇಲ್ಲದ ತೂಗಾಟ. 1879ರಲ್ಲಿ ಮುಗಿಸಿದ ‘ವೀಯಾ ಕ್ರೂಚಿಸ್’, ಅಂದರೆ ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಗಳ ಸಂಗೀತ, ಈ ಬಗೆಯದು. ಧಾರ್ಮಿಕ ಸಂಗೀತವನ್ನೇ ಅಚ್ಚು ಹಾಕುತ್ತಿದ್ದ ರೆಗೆನ್ಸ್‌ಬುರ್ಗಿನ ಪ್ರಕಾಶಕನು ಅದನ್ನು ಬೇಡವೆಂದನು. ಲಿಸ್ಟನು 1886ರ ಜುಲೈ 31ರಂದು ಬೈರಾಯಿಟಿನಲ್ಲಿ ತೀರಿಕೊಂಡನು. ಆ ಕೃತಿಯನ್ನು ಬುಡಾಪೆಸ್ಟಿನ ಜನ ಮೊದಲ ಬಾರಿಗೆ ಕೇಳಿದ್ದು 1929ರಲ್ಲಿ.