ನಾಟಿಯಾದ ಪೈರು

ಆಧಾರ: ಅಪೊಸ್ತಲರ ಕೃತ್ಯಗಳು 18ನೆಯ ಅಧ್ಯಾಯ, 1ರಿಂದ 3 ಮತ್ತು 24ರಿಂದ 28ನೆಯ ವಚನಗಳು



ಶ್ರೀರಂಗಪಟ್ಟಣ, ಪಾಂಡವಪುರಗಳ ಕಾಲುವೆ ಬಯಲಿನಲ್ಲಿ ಭತ್ತ ಬೆಳೆಯುವ ನಿಮಗೆ ನಾಟಿಯ ಕೆಲಸವನ್ನು ನಾವು ಕಲಿಸಬೇಕಾಗಿಲ್ಲ. ಒಟ್ಲಿನಲ್ಲಿ ಪೈರು ಹಸುರಾಗಿ, ಒತ್ತಾಗಿ, ಕಣ್ಣಿಗೆ ತಂಪಾಗಿ ಬೆಳೆದಿರುವದು. ಅದನ್ನು ಕಿತ್ತು ಕೆಸರುಗದ್ದೆಯಲ್ಲಿ ನೆಟ್ಟ ಮೇಲೆ ಕೆಲವು ದಿನಗಳ ತನಕ ಅದು ಬಾಡಿ, ತಲೆಬಾಗಿ, ಹಳದಿಗೆ ತಿರುಗುವದು. ಬೇಸಾಯವನ್ನರಿಯದವನು ಕಂಡರೆ ಬೆಳೆ ಕೆಟ್ಟಿತೆಂದು ಮರುಗುವನು. ರೈತನು ಮರುಗುವದಿಲ್ಲ. ಆ ದಿನಗಳಲ್ಲಿ ಪೈರು ಮೇಲಕ್ಕೆ ಬೆಳೆಯದೆ ಕೆಳಕ್ಕೆ ಬೇರುಬಿಡುತ್ತದೆಂದು ಅವನು ಬಲ್ಲನು. ಒಟ್ಲಿನಲ್ಲಿಯೇ ಉಳಿದ ಪೈರಾದರೋ ಒತ್ತಿನಲ್ಲಿ ಸೊರಗಿ ತಕ್ಕ ತೆನೆಯನ್ನು ಕೊಡಲಾರದು.

ಗಂಡಹೆಂಡಿರು ಯೌವನಸ್ಥರ ನಡುವೆ ಕರ್ತನ ಸೇವೆಮಾಡುವದಕ್ಕಾಗಿ ಸ್ವದೇಶವನ್ನು ಬಿಟ್ಟು ಪರದೇಶಕ್ಕೆ ಹೋದಾಗ, ಅವರ ಮೊದಲ ದಿನಗಳು ನಾಟಿಯಾದ ಪೈರಿನ ದಿನಗಳೇ. ಅಂಗಡಿಯಲ್ಲಿ ಉಪ್ಪು ಕೇಳುವದಕ್ಕೂ ಮಾತು ಬಾರದು. ಊರಿನಲ್ಲಿ ಹತ್ತು ಮಂದಿಗೆ ಬುದ್ಧಿ ಹೇಳಿದವರು ಅಲ್ಲಿ ಚಿಕ್ಕ ಮಕ್ಕಳ ಬಾಯಿಂದ ಮಾತು ಕಲಿಯಬೇಕು. ರಾತ್ರಿಯಾದರೆ ತಾಯಿತಂದೆಗಳ ನೆನಪು. ಆಗ ಗಂಡನು ಹೆಂಡತಿಗೆ ಕಾಣದಂತೆಯೂ ಹೆಂಡತಿಯು ಗಂಡನಿಗೆ ಕಾಣದಂತೆಯೂ ಕಣ್ಣೊರಸಿಕೊಳ್ಳುವರು. ಅವರನ್ನು ಕಳುಹಿಸಿಕೊಟ್ಟ ಸಭೆಯವರೋ ಮೊದಲ ತಿಂಗಳಲ್ಲಿಯೇ, ಎಷ್ಟು ಮಂದಿ ಸೇರಿದರು, ಯಾವ ಕೆಲಸ ನಡೆಯಿತು ಎಂದು ಕೇಳುವರು. ಪ್ರಿಯರೇ, ನೆಟ್ಟ ಮರುದಿನವೇ ಕುಡುಗೋಲು ಹಿಡಿದು ಗದ್ದೆಗೆ ಹೋಗುವವರುಂಟೇ?

ಸತ್ಯವೇದದಲ್ಲಿ ಅಕ್ವಿಲ ಪ್ರಿಸ್ಕಿಲ್ಲ ಎಂಬ ದಂಪತಿಗಳನ್ನು ನೋಡೋಣ. ಚಕ್ರವರ್ತಿಯಾದ ಕ್ಲೌದಿಯನು ಯೆಹೂದ್ಯರನ್ನು ರೋಮಾಪುರದಿಂದ ಹೊರಡಿಸಿದಾಗ ಅವರು ಮನೆಮಾರು ಬಿಟ್ಟು ಕೊರಿಂಥಕ್ಕೆ ಬಂದರು. ಅಲ್ಲಿ ಅವರು ಮೊದಲು ಮಾಡಿದ ಪ್ರಸಂಗವು ಯಾವದು? ಲೂಕನು ಅದನ್ನು ಬರೆಯಲಿಲ್ಲ. ಅವರು ಗುಡಾರ ಮಾಡುವವರಾಗಿದ್ದರೆಂದೂ, ಅದೇ ಕಸಬಿನ ಪೌಲನು ಅವರ ಬಳಿಯಲ್ಲಿ ಇದ್ದುಕೊಂಡು ಕೆಲಸಮಾಡಿದನೆಂದೂ ಬರೆದನು. ಸೂಜಿ, ದಾರ, ಒಂದು ಮನೆ, ಒಬ್ಬ ಅತಿಥಿ: ಅವರ ಮೊದಲ ದಿನಗಳ ಲೆಕ್ಕವು ಇಷ್ಟೇ. ತರುವಾಯ ಅವರು ಎಫೆಸಕ್ಕೆ ಹೋದರು. ಅಲ್ಲಿಗೆ ಅಲೆಕ್ಸಾಂದ್ರಿಯದವನಾದ ಅಪೊಲ್ಲೋಸನು ಬಂದನು. ಅವನಲ್ಲಿ ವಿದ್ಯೆಯೂ ವಾಕ್ಚಾತುರ್ಯವೂ ಇದ್ದವು. ಆದರೆ ತಿಳುವಳಿಕೆಯಲ್ಲಿ ಕೊರತೆಯಿತ್ತು. ಈ ದಂಪತಿಗಳು ಅವನನ್ನು ಸಭಾಮಂದಿರದಲ್ಲಿ ಎಲ್ಲರ ಮುಂದೆ ತಿದ್ದದೆ, ತಮ್ಮ ಬಳಿಗೆ ಕರೆದುಕೊಂಡು ದೇವರ ಮಾರ್ಗವನ್ನು ಇನ್ನೂ ಸೂಕ್ಷ್ಮವಾಗಿ ವಿವರಿಸಿದರು. ಮುಂದೆ ಅವನಿಂದ ಸಭೆಗೆ ಬಹಳ ಸಹಾಯವಾಯಿತು. ಕೊರಿಂಥದಲ್ಲಿ ಬಿಟ್ಟ ಬೇರು ಎಫೆಸದಲ್ಲಿ ತೆನೆಯಾಯಿತು.

ನಮ್ಮ ದೇಶದಲ್ಲಿಯೂ ಇಂಥ ನಿದರ್ಶನವುಂಟು. 1844ರಲ್ಲಿ ಜಾರ್ಜ್ ವಿಲಿಯಮ್ಸ್ ಎಂಬ ಜವಳಿ ಅಂಗಡಿಯ ನೌಕರನು ತನ್ನ ಗೆಳೆಯರೊಡನೆ ಲಂಡನಿನಲ್ಲಿ ಸ್ಥಾಪಿಸಿದ ವೈ.ಎಂ.ಸಿ.ಎ. ಎಂಬ ಕ್ರೈಸ್ತ ಯುವಕರ ಸಂಘವು 1890ರಲ್ಲಿ ಮದರಾಸಿನಲ್ಲಿ ನೆಲೆಗೊಂಡಿತು. ಆ ಸಂಘದ ಸೇವೆಗಾಗಿ 1919ರಲ್ಲಿ ಹ್ಯಾರಿ ಕ್ರೋ ಬಕ್ ಎಂಬವರು ತಮ್ಮ ಪತ್ನಿಯೊಡನೆ ಅಮೆರಿಕದಿಂದ ಮದರಾಸಿಗೆ ಬಂದರು. ಮರುವರುಷ, ಅಂದರೆ 1920ರಲ್ಲಿ, ಬೆರಳೆಣಿಕೆಯಷ್ಟು ವಿದ್ಯಾರ್ಥಿಗಳಿಂದ ವ್ಯಾಯಾಮ ಶಿಕ್ಷಕರ ಶಾಲೆಯೊಂದು ಪ್ರಾರಂಭವಾಯಿತು. ಆ ದಿನ ಅದನ್ನು ನೋಡಿದವರು ಇದು ಎಷ್ಟರ ಕೆಲಸವೆಂದು ನಕ್ಕಿದ್ದರೂ ಆಶ್ಚರ್ಯವಿಲ್ಲ. ಆದರೆ ಅದೇ ಶಾಲೆಯು ದೊಡ್ಡ ಕಾಲೇಜಾಗಿ ಬೆಳೆಯಿತು. ಅಲ್ಲಿ ವಿದೇಶದ ಆಟಗಳೊಂದಿಗೆ ಈ ದೇಶದ ಆಟಗಳಿಗೂ ವ್ಯಾಯಾಮಗಳಿಗೂ ಸ್ಥಾನ ದೊರೆಯಿತು. 1924ರಲ್ಲಿ ಭಾರತದ ಓಟಗಾರರು ಪ್ಯಾರಿಸಿನ ಒಲಿಂಪಿಕ್ಸಿಗೆ ಹೋದಾಗ ಬಕ್‌ರವರೇ ಅವರನ್ನು ನಡಿಸಿಕೊಂಡು ಹೋದರು. 1943ರಲ್ಲಿ ಅವರು ತೀರಿಕೊಂಡದ್ದು ಮದರಾಸಿನಲ್ಲಿಯೇ. ಪೈರು ನೆಟ್ಟ ಗದ್ದೆಯಲ್ಲಿಯೇ ಕೊನೆಯ ತನಕ ನಿಂತಿತು.

ಪರದೇಶದವನು ಬಂದಾಗ ಜನರು ಸಂದೇಹಪಡುವದೂ ಸಹಜವೇ. ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದದ್ದು ಹೈದರನ ಮತ್ತು ಟೀಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳಿಂದ. ಶ್ರೀರಂಗಪಟ್ಟಣದ ಕೋಟೆಗೋಡೆಗಳು 1799ನೆಯ ವರುಷದ ಫಿರಂಗಿಗಳ ಕಥೆಯನ್ನು ಹೇಳುತ್ತವೆ. ಆದದರಿಂದ ಹೊಸಬನು, ನಾನು ಆಳುವದಕ್ಕೆ ಬಂದವನಲ್ಲ ಎಂಬುದನ್ನು ಬಾಯಿಂದಲ್ಲ, ನಡತೆಯಿಂದ ತೋರಿಸಬೇಕು. ಅದಕ್ಕೆ ದಿನಗಳು ಬೇಕು. ಬಾಸೆಲ್ ಮಿಷನ್ನಿನ ಕಿಟ್ಟೆಲರು 1853ರಲ್ಲಿ ಕನ್ನಡನಾಡಿಗೆ ಬಂದರು. ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ನಲವತ್ತೊಂದು ವರುಷ! ನಮಗೆ ನಮ್ಮ ಮಾತಿನ ಬೆಲೆಯನ್ನು ತೋರಿಸಿಕೊಟ್ಟವರು ಮೊದಲು ನಮ್ಮ ಮುಂದೆ ಶಿಷ್ಯರಾಗಿ ಕುಳಿತವರು.

ಈ ಪಾಠವನ್ನು ನಾವು ಪುಸ್ತಕದಿಂದ ಮಾತ್ರ ಕಲಿಯಲಿಲ್ಲ. ಸೆಮಿನರಿಯ ಓದನ್ನು ಮುಗಿಸಿ ಪತ್ನೀಸಮೇತರಾಗಿ ನಾಗಮಂಗಲದ ಕಡೆಯ ಒಂದು ಹಳ್ಳಿಗೆ ಉಪದೇಶಿಯಾಗಿ ಬಂದಾಗ, ಮೊದಲ ಭಾನುವಾರ ನಾವು ಮೂರು ಭಾಗಗಳುಳ್ಳ ಪ್ರಸಂಗವನ್ನು ಮಾಡಿದೆವು. ಆರಾಧನೆ ಮುಗಿದ ಮೇಲೆ ಒಬ್ಬ ವೃದ್ಧ ತಾಯಿಯು, "ಅಯ್ಯನೋರೇ, ಮಾತು ಚೆಂದಾಗಿತ್ತು; ಆದ್ರೆ ನೀವು ಬಂದು ಎಂಟು ದಿನ ಆಯ್ತು, ನಮ್ಮನೇಲಿ ಇನ್ನೂ ಒಂದ್ ಲೋಟ ನೀರೂ ಕುಡಿದಿಲ್ವಲ್ಲಾ" ಅಂದರು. ನಾವು ತಲೆತಗ್ಗಿಸಿದೆವು. ಕೊಡುವದಕ್ಕೆ ಬಂದೆವೆಂದು ತಿಳಿದಿದ್ದ ನಾವು ತೆಗೆದುಕೊಳ್ಳುವದನ್ನು ಅರಿಯದವರಾಗಿದ್ದೆವು. ಆ ಸಂಜೆ ಅವರ ಜಗಲಿಯ ಮೇಲೆ ಕುಳಿತು ರಾಗಿಮುದ್ದೆ, ಹುರುಳಿಸಾರು ಉಂಡೆವು. ಮುಂದಿನ ವಾರ ಆ ಮನೆಯ ಮೊಮ್ಮಗನು ತನ್ನ ಗೆಳೆಯರಿಬ್ಬರನ್ನು ನಮ್ಮ ಮನೆಗೆ ಕರಕೊಂಡು ಬಂದನು. ಆ ಊರಿನಲ್ಲಿ ನಮ್ಮ ಯೌವನಸ್ಥರ ಕೂಟವು ಪ್ರಾರಂಭವಾದದ್ದು ಹಾಗೆ. ಪ್ರಸಂಗಪೀಠದಿಂದಲ್ಲ, ಜಗಲಿಯಿಂದ.

ಆದಕಾರಣ ಹೆತ್ತವರೇ, ನಿಮ್ಮ ಮಗನೂ ಸೊಸೆಯೂ ಸೇವೆಗಾಗಿ ದೂರ ಹೊರಟರೆ, ಇಲ್ಲಿ ಯೌವನಸ್ಥರಿಲ್ಲವೇ ಎಂದು ತಡೆಯಬೇಡಿರಿ. ಕೊಡಗಿನಲ್ಲಿ ಹುಟ್ಟಿದ ಕಾವೇರಿಯು ಅಲ್ಲಿಯೇ ನಿಂತಿದ್ದರೆ ನಮ್ಮ ಗದ್ದೆಗಳ ಗತಿ ಏನಾಗುತ್ತಿತ್ತು? ಹೋಗುವವರೇ, ಮೊದಲ ದಿನಗಳ ಕಣ್ಣೀರಿಗಾಗಿ ನಾಚಬೇಡಿರಿ. ಕಲಿಸುವ ಮೊದಲು ಕಲಿಯಿರಿ, ಬಡಿಸುವ ಮೊದಲು ಉಣ್ಣಿರಿ. ಉಳಿದಿರುವವರೇ, ಪರಸ್ಥಳದವರು ನಿಮ್ಮ ಬಾಗಿಲಿಗೂ ಬಂದಿದ್ದಾರೆ. ದೂರದ ಜಿಲ್ಲೆಗಳಿಂದ ಕಬ್ಬು ಕಡಿಯಲು ಬಂದು ಗುಡಿಸಲು ಹಾಕಿಕೊಂಡಿರುವ ಕುಟುಂಬಗಳ ಪ್ರಾಯದ ಹುಡುಗರನ್ನು ಹೆಸರು ಹಿಡಿದು ಕರೆದವರು ನಮ್ಮೊಳಗೆ ಎಷ್ಟು ಮಂದಿ? ಕೃಷ್ಣರಾಜಪೇಟೆಯ ಹಳ್ಳಿಯ ಸಭೆಯಾಗಲಿ ಶ್ರೀರಂಗಪಟ್ಟಣದ ಸಭೆಯಾಗಲಿ, ಅವರಿಗೆ ಬಾಗಿಲು ತೆರೆಯದೆ, ಸಮುದ್ರದಾಚೆ ಹೋದ ನಮ್ಮ ಮಕ್ಕಳಿಗೆ ಅಲ್ಲಿಯವರು ಬಾಗಿಲು ತೆರೆಯಲೆಂದು ಪ್ರಾರ್ಥಿಸುವದು ಹೇಗೆ?

ಪರಲೋಕದ ಮಹಿಮೆಯನ್ನು ಬಿಟ್ಟು ನಮ್ಮ ನಡುವೆ ಗುಡಾರಹಾಕಿಕೊಂಡ ಕರ್ತನು ಮೊದಲ ಮೂವತ್ತು ವರುಷ ನಜರೇತಿನಲ್ಲಿ ಮರಗೆಲಸದ ಮನೆಯಲ್ಲಿ ಮೌನವಾಗಿ ಬೇರುಬಿಟ್ಟನು. ಆತನು ನಾಟಿಯಾದ ಪ್ರತಿಯೊಂದು ಪೈರಿಗೂ ತಾಳ್ಮೆಯನ್ನೂ, ಕಾದುಕೊಂಡಿರುವ ನಮ್ಮೆಲ್ಲರಿಗೂ ರೈತನ ನಂಬಿಕೆಯನ್ನೂ ಅನುಗ್ರಹಿಸಲಿ. ಆಮೆನ್.