ತಗ್ಗುವುದು ಯಾರ ಮುಂದೆ?

ನಮ್ಮ ಸಭೆಗಳಲ್ಲಿ ದೀನತೆಯ ಉಪದೇಶ ಯಾವಾಗಲೂ ಇಳಿಜಾರಿನ ಕಡೆಗೇ ಹರಿಯುತ್ತದೆ. ಸಭೆಯ ಲೆಕ್ಕ ಕೇಳಿದ ಯುವಕನಿಗೆ, ಗಂಡನ ಕುಡಿತದ ವಿಷಯ ಬಾಯಿಬಿಟ್ಟ ಹೆಂಗಸಿಗೆ, ಕೂಲಿ ಸಾಲದು ಎಂದ ತೋಟದಾಳಿಗೆ "ದೇವರ ಮುಂದೆ ತಗ್ಗಿಸಿಕೊಳ್ಳಿ" ಎನ್ನುತ್ತಾರೆ. ಲೆಕ್ಕ ಬರೆದವರಿಗೆ, ಕುಡಿದು ಬಂದವನಿಗೆ, ಕೂಲಿ ಕೊಡುವವನಿಗೆ ಅದೇ ಮಾತನ್ನು ಅಷ್ಟೇ ಗಟ್ಟಿಯಾಗಿ ಹೇಳಿದ್ದು ನನ್ನ ಕಿವಿಗೆ ಬಿದ್ದಿರುವುದು ಅಪರೂಪ. ಕ್ರೈಸ್ತ ಬಾಳಿನ ಅತಿ ಸೂಕ್ಷ್ಮವಾದ ತತ್ತ್ವವೊಂದು ಹೀಗೆ ಬಾಯಿ ಮುಚ್ಚಿಸುವ ಉಪಾಯವಾಗಿರುವುದನ್ನು ಸಹಿಸಲಾಗದೆ ಇದನ್ನು ಬರೆಯುತ್ತಿದ್ದೇನೆ.

ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಫರಿಸಾಯ ಮತ್ತು ಸುಂಕದವನ ಸಾಮ್ಯವಿದೆ. ಉಳಿದ ಮೂರು ಸುವಾರ್ತೆಗಳಲ್ಲಿ ಅದು ಸಿಗುವುದಿಲ್ಲ. ಊಟಿ ಹತ್ತಿರದ ಕೇತ್ತಿಯಲ್ಲಿ 1846ರಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ನಿನವರು ಬಡಗರ ಮಾತಿಗೆ ತಂದದ್ದು ಈ ಲೂಕನ ಸುವಾರ್ತೆಯನ್ನೇ. ಹಾಗಾಗಿ ನೀಲಗಿರಿಯ ಹಟ್ಟಿಗಳಿಗೆ ಈ ಕಥೆ ಬಹಳ ಹಳೆಯ ಪರಿಚಯ.

ಇಬ್ಬರು ದೇವಾಲಯಕ್ಕೆ ಹೋಗುತ್ತಾರೆ. ಫರಿಸಾಯ ವಾರಕ್ಕೆ ಎರಡು ಸಲ ಉಪವಾಸ ಮಾಡುವವನು, ಸಂಪಾದನೆಯ ಹತ್ತನೇ ಪಾಲು ಕೊಡುವವನು. ಅವನು ಸುಳ್ಳು ಹೇಳಲಿಲ್ಲ. ದೇವರಿಗೆ ಕೃತಜ್ಞತೆಯನ್ನೂ ಸಲ್ಲಿಸಿದ. ಹಾಗಾದರೆ ತಪ್ಪಿದ್ದೆಲ್ಲಿ? ಜಂಬದಲ್ಲಿ ಎಂದು ಬೋಧಕರು ಮುಗಿಸಿಬಿಡುತ್ತಾರೆ. ನನಗೆ ಕಾಣುವುದು ಅವನ ಕಣ್ಣು. ಮಾತು ದೇವರ ಜೊತೆ, ನೋಟ ಹಿಂದೆ ನಿಂತ ಸುಂಕದವನ ಮೇಲೆ. ತಾನೆಷ್ಟು ಎತ್ತರ ಎಂಬುದನ್ನು ಅವನು ಪಕ್ಕದವನಿಂದ ಅಳೆದುಕೊಂಡ. ಸುಂಕದವನಾದರೋ ಆ ಕಡೆ ತಿರುಗಿಯೂ ನೋಡಲಿಲ್ಲ. "ನಾನು ಈ ಫರಿಸಾಯನಿಗಿಂತ ಕೀಳು" ಎಂದು ಅವನು ಎಲ್ಲೂ ಹೇಳುವುದಿಲ್ಲ. ಹೇಳಿದ್ದರೆ ಅವನೂ ಅದೇ ಅಳತೆಗೋಲನ್ನು ತಲೆಕೆಳಗಾಗಿ ಹಿಡಿದಂತಾಗುತ್ತಿತ್ತು. ತನ್ನನ್ನು ಇನ್ನೊಬ್ಬರಿಗಿಂತ ಕಡಿಮೆ ಎಂದುಕೊಳ್ಳುವುದು ಒಂದು, ದೇವರ ಮುಂದೆ ಇದ್ದಂತೆ ನಿಲ್ಲುವುದು ಇನ್ನೊಂದು. ಇವೆರಡನ್ನೂ ಒಂದೇ ಹೆಸರಿನಿಂದ ಕರೆದು ನಾವು ಕೆಟ್ಟೆವು.

ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಎಡವಿದ್ದೂ ಇಲ್ಲೇ. 1751ರ ತನ್ನ ನೀತಿಗ್ರಂಥದಲ್ಲಿ ಅವನು ದೀನತೆಯನ್ನು ಉಪವಾಸ, ಮೌನ, ಏಕಾಂತಗಳ ಸಾಲಿಗೆ ಸೇರಿಸಿ, ಸನ್ಯಾಸಿಗಳ ಈ ಗುಣಗಳಿಂದ ಯಾರಿಗೂ ಪ್ರಯೋಜನವಿಲ್ಲ ಎಂದು ತಳ್ಳಿಹಾಕಿದ. ಅವನ ಪ್ರಕಾರ ದೀನತೆಯೆಂದರೆ ತನ್ನ ಕೊರತೆ ಕಂಡು ಆಗುವ ಸಂಕಟ. ಆ ಸಂಕಟವನ್ನಷ್ಟೇ ನೋಡಿದವನಿಗೆ ಸುಂಕದವನ ಮನಸ್ಸು ಅರ್ಥವಾಗುವುದು ಹೇಗೆ? ಜನರ ಅಳತೆಯಿಂದ ಬಿಡುಗಡೆಯಾದವನನ್ನು ಹೊಗಳಿಕೆ ಉಬ್ಬಿಸದು, ಹೀನಾಯ ಕುಗ್ಗಿಸದು. ಅಂಥವನಿಂದ ಸಮಾಜಕ್ಕೆ ಪ್ರಯೋಜನವಿಲ್ಲ ಎಂಬುದನ್ನು ನಾನು ಒಪ್ಪಲಾರೆ.

ಗೂಡಲೂರು, ಪಂದಲೂರಿನ ಕಡೆ 1964ರ ಭಾರತ-ಲಂಕಾ ಒಪ್ಪಂದದ ನಂತರ ಲಂಕೆಯಿಂದ ಬಂದ ಕುಟುಂಬಗಳು ಚಹಾ ತೋಟಗಳಲ್ಲಿ ನೆಲೆಸಿವೆ. ಅವರಲ್ಲಿ ಕ್ರೈಸ್ತರೂ ಇದ್ದಾರೆ. ಅಂಥ ಒಂದು ತೋಟದಲ್ಲಿ ಸಂಜೆ ಎಲೆ ತೂಗುವ ಹೊತ್ತು ಎಂದಿಟ್ಟುಕೊಳ್ಳಿ. ಚೀಲ ತಕ್ಕಡಿಗೆ ಏರುತ್ತದೆ, ಗುಮಾಸ್ತ ಒಂದು ಅಂಕಿ ಕೂಗಿ ಪುಸ್ತಕದಲ್ಲಿ ಬರೆಯುತ್ತಾನೆ. "ಎರಡು ಕಿಲೋ ಕಡಿಮೆ ಬರೆದಿದ್ದೀರಿ, ಇನ್ನೊಂದು ಸಲ ತೂಗಿ ಸಾರ್" ಎನ್ನುತ್ತಾಳೆ ಎಲೆ ಕೊಯ್ದವಳು. ಸಾಲಿನಲ್ಲಿ ಹಿಂದಿದ್ದವರು ಗೊಣಗುತ್ತಾರೆ. ಭಾನುವಾರ ತಪ್ಪದೆ ಆರಾಧನೆಗೆ ಬರುವ ಈಕೆಗೆ ಇಷ್ಟು ಸೊಕ್ಕೇ ಎಂದು ಯಾರಾದರೂ ಕೇಳಿಯಾರು. ಸೊಕ್ಕು ಎಲ್ಲಿದೆ? ಅವಳು ಗುಮಾಸ್ತನಿಗಿಂತ ತಾನು ಮೇಲು ಎನ್ನಲಿಲ್ಲ. ಮತ್ತೆ ತೂಗಿದಾಗ ಮೊದಲಿನ ಅಂಕಿಯೇ ಬಂದರೆ, ಮುಖ ಕೆಡಿಸಿಕೊಳ್ಳದೆ ಒಪ್ಪಿ ಚೀಲ ಇಳಿಸಿಕೊಂಡರೆ ಆಯಿತು. ಅಂಕಿ ತಪ್ಪಾಗಿದ್ದರೆ ಗುಮಾಸ್ತ ಎಲ್ಲರೆದುರು ಅದನ್ನು ಹೊಡೆದುಹಾಕಿ ಸರಿಯಾದದ್ದನ್ನು ಬರೆಯಬೇಕು. ಆ ತಕ್ಕಡಿಯ ಮುಂದೆ ದೀನತೆ ಇಬ್ಬರಿಗೂ ಬೇಕು. ಅವನಿಗೆ ಒಂದು ಹಿಡಿ ಹೆಚ್ಚೇ ಬೇಕು.

ಮೊಣಕಾಲೂರಿದ ಮಾತ್ರಕ್ಕೆ ದೀನತೆ ಬಂದುಬಿಡದು. ಊಟಿಯ ಸೇಂಟ್ ಸ್ಟೀಫನ್ ಚರ್ಚಿಗೆ 1829ರಲ್ಲಿ ಅಡಿಗಲ್ಲು ಬಿತ್ತು. ಅದರ ತೊಲೆಗಳು ಬಂದದ್ದು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ. ಸೋತವನ ಮನೆಯ ಮರವನ್ನು ದೇವರ ಮನೆಗೆ ಹೊದಿಸಿದ ಆಳುವವರು ಅದರಡಿಯಲ್ಲಿ ಯಾವ ಪಾಪ ಅರಿಕೆ ಮಾಡಿಕೊಂಡರೋ! ಹಾಗೆಂದು ಬಾಗುವುದೆಲ್ಲ ಗುಲಾಮಗಿರಿ ಎನ್ನುವವರ ಜೊತೆಗೂ ನಾನಿಲ್ಲ. ಬಡಗರಲ್ಲಿ ಕಿರಿಯರು ತಲೆ ಬಾಗಿಸುತ್ತಾರೆ, ಹಿರಿಯರು ನೆತ್ತಿಯ ಮೇಲೆ ಕೈಯಿಟ್ಟು ಹರಸುತ್ತಾರೆ. ಅಲ್ಲಿ ಬಾಗಿದವನಿಗೆ ಏನೋ ದಕ್ಕುತ್ತದೆ, ಅವನಿಂದ ಏನನ್ನೂ ಕಿತ್ತುಕೊಳ್ಳುವುದಿಲ್ಲ.

ದಿನದ ಬಾಳಿನಲ್ಲಿ ನಿಜವಾದ ದೀನತೆಯನ್ನು ರೂಢಿಸಿಕೊಳ್ಳಲು ಮನೆಮನೆಯ ಪ್ರಾರ್ಥನಾ ಕೂಟಕ್ಕಿಂತ ಒಳ್ಳೆಯ ಜಾಗವಿಲ್ಲ, ಅದಕ್ಕಿಂತ ಅಪಾಯದ ಜಾಗವೂ ಇಲ್ಲ. "ಮೇಲಿನ ಮನೆಯ ಹುಡುಗಿ ದಾರಿ ತಪ್ಪಿದ್ದಾಳಂತೆ, ಅವಳಿಗಾಗಿ ಪ್ರಾರ್ಥಿಸೋಣ" ಎಂದು ಶುರುವಾದರೆ ಕೂತವರ ಕಣ್ಣೆಲ್ಲ ಆ ಮನೆಯ ಕಡೆ ಹೊರಳುತ್ತದೆ. ಅವಳಿಗಾಗಿ ಬೇಡುವ ಮನಸ್ಸಿದ್ದವರು ಅವಳ ಕಥೆ ಹೇಳದೆಯೂ ಬೇಡಬಹುದು. ದೇವರಿಗೆ ವಿಳಾಸ ಗೊತ್ತಿದೆ.